ಮೂವರಲ್ಲಿ ಒಬ್ಬ ಕಾಸಿಂ

"ನಮ್ಮ ಶಾಲೆಯ ದಾಖಲೆಯಲ್ಲಿ ಮೂವರು ಕಾಸಿಂ ಇದ್ದಾರೆ. ಅವರಲ್ಲಿ ನೀವು ಯಾರೂಂತ ಮಾಸ್ಟ್ರೇ ಹೇಳ್ಬೇಕಷ್ಟೆ," ಎಂದು ಹೆಡ್ ಟೀಚರ್ ಊರಿನಿಂದ ಮಾತಾಡುತ್ತಲೇ ಫೋನನ್ನು ಪಕ್ಕಕ್ಕೆ ತಿರುಗಿಸಿದರು. ಪರದೆಯ ಮೇಲೆ ನಿವೃತ್ತ ಮೋನಪ್ಪ ಮಾಸ್ಟ್ರು ಕಾಣಿಸಿದ್ದೇ ತಡ, ಇತ್ತ ಕೊಲ್ಲಿ ದೇಶದ ಡಿಸ್ಕವರಿ ಗಾರ್ಡನ್ಸಿನ ಫ್ಲ್ಯಾಟಿನಲ್ಲಿ ಕಾಸಿಂ ಸೋಫಾದಿಂದ ದಡಬಡಿಸಿ ಎದ್ದು ನಿಂತ.

ಅವನು ಏಳು ವರ್ಷ ಕರ್ನಾಟಕದಲ್ಲಿ ಓದಿದ್ದು ಸಾಬೀತಾದರೆ ಮಗಳು ಸುಮೀನಾಗೆ ಅಲ್ಲಿ ಸರಕಾರಿ ಸೀಟು ಕೇಳುವ ಹಕ್ಕು. ಇಲ್ಲದಿದ್ದರೆ ಎನ್ನಾರೈ ಶುಲ್ಕ. ಅದು ಅವನ ಕೈಗೆಟುಕುವ ಮಾತಲ್ಲ. ಪ್ರಮಾಣಪತ್ರ ಇವತ್ತೇ ಬೇಕು. ಸುಮೀನಾ ಪಕ್ಕದಲ್ಲಿ ಉಗುರು ಕಚ್ಚುತ್ತಿದ್ದಳು.

ಮಾಸ್ಟ್ರು ಕಣ್ಣು ಕಿರಿದಾಗಿಸಿ ನೋಡಿದರು. "ಗುರ್ತ ಸಿಗುದಿಲ್ಲ, ಆಗ ನಿಂಗೆ ಗಡ್ಡ ಇರ್ಲಿಲ್ಲ ಮಾರಾಯ. ಹದಿಮೂರರ ಮಗ್ಗಿ ಹೇಳು ನೋಡುವ."

"ಪಪ್ಪಾ, ಕ್ವಿಕ್!" ಎಂದಳು ಸುಮೀನಾ.

ಕಾಸಿಂ ಕಣ್ಣು ಮುಚ್ಚಿ ಶುರುಮಾಡಿದ. ರಾಗವೇನೋ ತಾನಾಗಿ ಬಂತು. "ಹದಿಮೂರೇಳ್ಲಿ..." ಎಂದವನು ಅಲ್ಲೇ ತಡವರಿಸಿದ. ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವನ ಎಡಗೈ ಮುಂದೆ ಚಾಚಿ, ಅಂಗೈ ಬಿಡಿಸಿ, ಫೋನಿನೆದುರು ಬೆತ್ತದ ಏಟಿಗೆ ಕಾದು ನಿಂತಿತ್ತು.

ಅತ್ತ ಮಾಸ್ಟ್ರು ಗಹಗಹಿಸಿ ನಕ್ಕರು. "ಕೈ ಇಳಿಸು ಮಾರಾಯ! ಟೀಚರೇ, ನೀವು ಬರೆದು ಕೊಡಿ. ಬಲಗೈ ಬರೀಲಿಕ್ಕೆ ಬೇಕೂಂತ ಎಡಗೈಗೇ ಪೆಟ್ಟು ತಿಂತಿದ್ದ ಕಾಸಿಂ ಇವನೊಬ್ಬನೇ."