ಚಂದಮ್ಮ ಕೂರುವ ಜಾಗ

ಯಂಕಮ್ಮ ಮೀನಿನ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡೇ ಮಗಳು ಚಂದಮ್ಮನನ್ನು ಶಾಲೆಗೆ ಸೇರಿಸಲು ಹೊರಟಳು. ಕಾಗಿಣಾ ನದಿಯ ದಂಡೆಯಲ್ಲಿ ಹರಿಗೋಲು ಎಳೆಯುತ್ತಿದ್ದ ಗಂಡ ತಮ್ಮಣ್ಣ ಅದನ್ನು ಕಂಡು ಹಗ್ಗ ಬಿಟ್ಟು ನಿಂತ.

"ಬುಟ್ಟಿ ಮನ್ಯಾಗ ಇಟ್ಟು ಹೋಗು. ಮೈ ತೊಳಕೊಂಡು ಚಲೋ ಸೀರಿ ಉಟಗೊ. ಮಾಸ್ತರ ಏನಂದಾನು?"

"ಏನಂತಾನ ಅಂತ ನೋಡ್ಲಿಕ್ಕೇ ಹೊಂಟೀನಿ. ಇವತ್ತ ವಾಸನಿ ಮುಚ್ಚಿಟ್ರ ನಾಳಿ ಏನ್ ಮಾಡೋದು? ಪೋರಿ ದಿನಾ ಇದೇ ಮನಿಯಿಂದ ಹೋಗಬೇಕಲ್ಲ."

ತಮ್ಮಣ್ಣ ಮತ್ತೆ ಹಗ್ಗ ಹಿಡಿದ. ಹಿಂದಿನ ವಾರ ಇಬ್ಬರೂ ಮೈ ತೊಳೆದುಕೊಂಡು, ಮಗಳ ತಲೆಗೆ ಎಣ್ಣೆ ಹಚ್ಚಿ, ಗುಡಿಯ ಪಡಸಾಲೆಯಲ್ಲಿ ನಡೆಯುವ ಶಾಲೆಗೆ ಹೋಗಿದ್ದರು. ಅಲ್ಲಿನ ಮಾಸ್ತರ ಇವರು ಯಾರ ಪೈಕಿ ಎಂದು ಕೇಳಿಕೊಂಡು, "ಹೊರಗ ಪಾವಟಿಗಿ ಮ್ಯಾಲ ಕುಂದರಸ್ರಿ, ಕೇಳಿ ಕೇಳಿ ಕಲೀತಾಳ" ಎಂದಿದ್ದ. ಯಂಕಮ್ಮ ತಿರುಗಿ ಮಾತಾಡದೆ ಮಗಳ ಕೈ ಹಿಡಿದು ಮೆಟ್ಟಿಲಿಳಿದಿದ್ದಳು. ಆಮೇಲೆ ತಮ್ಮಣ್ಣ ಸರ್ಕಾರಿ ಮದರಸಾ ಸಾಕು ಎಂದ. ಅಲ್ಲಿ ಕಲಿಸುವುದು ಉರ್ದುವಿನಲ್ಲಿ, ಆದರೆ ನಿಜಾಮರ ಶಾಲೆಯನ್ನು ಯಾರೂ ಮುಚ್ಚುವುದಿಲ್ಲ. ಖಾಸಗಿಯವರ ಕನ್ನಡ ಶಾಲೆಗೆ ಇವತ್ತು ಪರವಾನಗಿ ಇದ್ದರೆ ನಾಳೆ ಇಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. "ನನಗಂತೂ ಓದ್ಲಿಕ್ಕೆ ಬರಲ್ಲ," ಎಂದಿದ್ದಳು ಯಂಕಮ್ಮ. "ಪೋರಿ ಓದಿದ್ದು ಕೇಳಿದ್ರಾದ್ರೂ ತಿಳೀಬೇಕು ಬ್ಯಾಡೇನು?"

ಶಹಾಬಾದಿನಲ್ಲಿ ಸಿಮೆಂಟು ಕಾರ್ಖಾನೆಯ ಕೂಲಿಗಳ ಮನೆಗಳು ಮುಗಿಯುವಲ್ಲಿ ಗುರುಲಿಂಗಯ್ಯನ ಶಾಲೆ. ಫರಸಿಕಲ್ಲಿನ ಚಾವಣಿ, ಒಂದೇ ಕೋಣೆ, ಒಂದೇ ಕಿಟಕಿ. ಯಂಕಮ್ಮ ಆ ಓಣಿಯಲ್ಲಿ ಮೀನು ಮಾರುವಾಗ ಚಂದಮ್ಮ ಕಿಟಕಿಯ ಸರಳು ಹಿಡಿದು ನಿಂತು ಬಿಡುತ್ತಿದ್ದಳು, ಎಳೆದರೂ ಬರುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಕಾಗುಣಿತ ಹಾಡುತ್ತಾ ಪಾತ್ರೆ ತಿಕ್ಕುತ್ತಿದ್ದಳು.

ಇಂದು ತಾಯಿ ಮಗಳು ಬಾಗಿಲಿಗೇ ಬಂದರು. ಗುರುಲಿಂಗಯ್ಯ ಹಣೆಯ ತುಂಬ ವಿಭೂತಿ ಹಚ್ಚಿಕೊಂಡ ಬಡಕಲು ಜಂಗಮ. ಮಣೆಯಿಂದ ಎದ್ದವನು ಎರಡು ಹೆಜ್ಜೆ ಬಂದು, ಬುಟ್ಟಿಯ ವಾಸನೆ ಬಡಿಯುತ್ತಲೇ ನಿಂತ. ಕೈ ತಾನಾಗಿ ಮೂಗಿಗೆ ಹೋಯಿತು. ಯಂಕಮ್ಮ ಅದನ್ನು ಕಂಡಳು. ಮಗಳ ಭುಜ ಹಿಡಿದು ತಿರುಗಿದಳು.

"ನಿಂದ್ರಿ, ಯವ್ವಾ. ಯಾಕ ಹೊಂಟ್ರಿ?"

"ಮೂಗು ಮುಚ್ಚಿಕೊಂಡ್ರಲ್ಲ."

ಗುರುಲಿಂಗಯ್ಯ ಕೈ ಇಳಿಸಿದ. ಅವನ ಮುಖ ಕೆಂಪಾಗಿತ್ತು. "ಸುಳ್ಳ್ಯಾಕ ಹೇಳ್ಲಿ, ಈ ವಾಸನಿ ನನಗ ತಡಿಯಂಗಿಲ್ಲ. ಹುಟ್ಟಿದಾಗಿಂದ ರೂಢಿ ಇಲ್ಲ. ಅದು ನನ್ನ ಮೂಗಿನ ತಕರಾರು. ಹುಡುಗಿ ಏನ್ ಮಾಡ್ಯಾಳ? ಆಕಿ ಕಿಡಕ್ಯಾಗ ನಿಂತದ್ದು ನಾ ದಿನಾ ನೋಡ್ಲಿಕತ್ತೀನಿ. ಒಳಗ ಯಾವಾಗ ಬರ್ತಾಳ ಅಂತಿದ್ದೆ."

ಯಂಕಮ್ಮ ಬುಟ್ಟಿಯನ್ನು ಹೊರಗಿನ ಕಲ್ಲಿನ ಮೇಲೆ ಇಳಿಸಿದಳು. ಕೇಳಬೇಕೆಂದುಕೊಂಡು ಬಂದದ್ದನ್ನೆಲ್ಲ ಕೇಳಿಯೇ ಬಿಡೋಣ ಎನಿಸಿತು.

"ಈ ಸಾಲಿ ಮುಚ್ಚತಾರಂತಲ್ಲ, ಖರೇನ್ರಿ?"

"ಮುಚ್ಚಿದ್ರ ಮುಚ್ಚಬಹುದು. ಅರ್ಜಿ ಕೊಟ್ಟೀನಿ, ಇನ್ನಾ ಹುಕುಂ ಬಂದಿಲ್ಲ. ಮುಚ್ಚೂತನಕ ಕಲಸ್ತೀನಿ."

"ನಿಮಗ ಏನ್ ಕೊಡಬೇಕು?"

"ಎಲ್ಲಾರೂ ಸುಗ್ಗ್ಯಾಗ ಜೋಳ ಕೊಡ್ತಾರ. ನೀವೂ ಆದಷ್ಟು ಜೋಳ ಕೊಡ್ರಿ." ಅವನು ಬುಟ್ಟಿಯ ಕಡೆ ನೋಡಿ ಮೆಲ್ಲಗೆ ಸೇರಿಸಿದ, "ಮೀನ ಮಾತ್ರ ತರಬ್ಯಾಡ್ರಿ."

ಯಂಕಮ್ಮನಿಗೆ ನಗು ಬಂತು. ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಉಳಿದದ್ದು ಒಂದೇ ಮಾತು. "ಇಕಿ ಎಲ್ಲಿ ಕುಂದರಬೇಕು?"

ಮಾಸ್ತರ ಉತ್ತರ ಕೊಡುವ ಮೊದಲೇ ಚಂದಮ್ಮ ತಾಯಿಯ ಕೈ ಬಿಡಿಸಿಕೊಂಡು ಒಳಗೆ ನಡೆದಿದ್ದಳು. ಹೊರಗಿನಿಂದ ಎಷ್ಟು ಸಲ ಆಸೆಪಟ್ಟು ನೋಡಿದ್ದಳೋ, ನೇರ ಹೋಗಿ ಮಾಸ್ತರನ ಮಣೆಯ ಮುಂದೆಯೇ, ಮೊಣಕಾಲು ತಾಗುವಷ್ಟು ಹತ್ತಿರ, ಚಾಪೆಯ ಮೇಲೆ ಕೂತುಬಿಟ್ಟಳು. ಪಕ್ಕದಲ್ಲಿದ್ದ ಬೇಳೆ ವ್ಯಾಪಾರಿಯ ಮಗಳು ಭಾಗಮ್ಮ ಮಾಸ್ತರನ ಮುಖ ನೋಡಿದಳು, ತಾನೇನು ಮಾಡಬೇಕು ಎನ್ನುವಂತೆ. ಯಂಕಮ್ಮ ಹೊಸ್ತಿಲಿಗೆ ಬಂದಳು. ಈಗ ಹಿಂದಕ್ಕೆ ಹೋಗು ಅನ್ನುತ್ತಾನೆ ಎಂದುಕೊಂಡಳು.

ಗುರುಲಿಂಗಯ್ಯ ಮಣೆಯ ತನಕ ಬಂದು ಒಂದು ಗಳಿಗೆ ನಿಂತ. ಬಾಗಿ ಮಣೆಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ. ಮಕ್ಕಳ ನಡುವೆ ದಾಟಿ ಕಿಟಕಿಯ ಹತ್ತಿರ ಹೋಗಿ ಅಲ್ಲಿ ಹಾಕಿ ಕೂತ.

"ಎಲ್ಲಾರೂ ಈ ಕಡಿ ತಿರುಗ್ರಿ," ಎಂದ. "ಇಲ್ಲಿ ಗಾಳಿ ಚಲೋ ಅದ."

ಮಕ್ಕಳು ಕೂತಲ್ಲೇ ಗರಕ್ಕನೆ ತಿರುಗಿದರು. ಭಾಗಮ್ಮ ತನ್ನ ಪಾಟಿಯನ್ನು ಚಂದಮ್ಮನ ಕಡೆ ಸರಿಸಿದಳು. ಕಾಗುಣಿತ ಮತ್ತೆ ಶುರುವಾಯಿತು. ಯಂಕಮ್ಮ ಬುಟ್ಟಿ ಹೊತ್ತುಕೊಂಡು ಓಣಿ ಸೇರಿದಳು. ಅಂದು ಅವಳು ಮೀನು ಕೂಗಿದ ದನಿ ಎಂದಿಗಿಂತ ಜೋರಾಗಿತ್ತು.

ಸಂಜೆ ದಂಡೆಯಲ್ಲಿ ಹರಿಗೋಲು ಮಗುಚಿ ಹಾಕುತ್ತಾ ತಮ್ಮಣ್ಣ ಕೇಳಿದ, "ಸಾಲಿ ಹೆಂಗದ?"

"ಚಲೋ ಅದ," ಎಂದಳು ಯಂಕಮ್ಮ. "ಅಲ್ಲಿ ಮಾಸ್ತರನೇ ಸರದು ಕುಂದರತಾನ."