ಒಂದು ಗೇಣು ಮಣ್ಣು

ಬೆಳಗ್ಗೆ ಮಳೆ ನಿಂತದ್ದೇ ತಡ, ಅತ್ತಿಗೆ ಸಲಿಕೆ, ಬುಟ್ಟಿ ಹಿಡಿದು ಇಳಿಜಾರಿನ ಕೆಳಗಿದ್ದ ಮೈದುನನ ಹೊಲಕ್ಕೆ ನುಗ್ಗಿದಳು. ಯಾರನ್ನೂ ಕೇಳಲಿಲ್ಲ. ಹಸಿ ಮಣ್ಣನ್ನು ಬುಟ್ಟಿಗೆ ತುಂಬಿ ತಲೆಯ ಮೇಲಿಟ್ಟು, ಮೇಲಿನ ತನ್ನ ಹೊಲಕ್ಕೆ ಹತ್ತಿ ಸುರಿದು ಬಂದಳು. ಮತ್ತೆ ತುಂಬಿದಳು. ಮೂರನೇ ಬುಟ್ಟಿ ಸುರಿದು ಬರುವಷ್ಟರಲ್ಲಿ ಮೈದುನ ಓಡಿ ಬಂದ.

“ಏನಿದು ಅತ್ತಿಗೆ, ಬೆಳಬೆಳಗ್ಗೆ?”

“ಕಣ್ಣು ಕಾಣಲ್ವಾ? ನನ್ನ ಮಣ್ಣು ಹೊರ್ತಾ ಇದ್ದೀನಿ.”

“ಮಳೆ ಕೊಚ್ಚಿಕೊಂಡು ಬಂದ್ರೆ ನಾನೇನು ಮಾಡ್ಲಿ?”

“ಮಳೆ ವರ್ಷಾ ವರ್ಷಾ ಬರುತ್ತೆ. ಮಣ್ಣು ಈ ವರ್ಷ ಮಾತ್ರ ಯಾಕೆ ಬಂತು?”

ಉತ್ತರ ಅವನಿಗೆ ಗೊತ್ತಿಲ್ಲದ್ದೇನಲ್ಲ. ಜೋಳದ ತೆನೆ ಮುರಿದ ಮೇಲೆ ಅವಳು ದಂಟನ್ನೆಲ್ಲ ನೆಲಮಟ್ಟಕ್ಕೆ ಕಡಿದು ಹೊಲದಲ್ಲೇ ಹಾಸುತ್ತಿದ್ದಳು. ಒಣಭೂಮಿಗೆ ಅದೇ ಹೊದಿಕೆ. ಗಾಳಿಗೆ ಮಣ್ಣು ಹಾರುವುದಿಲ್ಲ, ಮಳೆಗೆ ಜಾರುವುದಿಲ್ಲ. ದಂಟಿನೊಳಗೆ ಕಾಂಡ ಕೊರೆಯುವ ಹುಳ ಅಡಗಿರುತ್ತದೆಂದು ಅವಳಿಗೂ ಗೊತ್ತು. ಅದಕ್ಕೇ ಒಂದೊಂದು ದಂಟನ್ನೂ ಉದ್ದಕ್ಕೆ ಸೀಳಿ ಬಿಸಿಲಿಗೆ ಹರಡುತ್ತಿದ್ದಳು. ಹುಳ ಒಣಗಿ ಸಾಯುತ್ತಿತ್ತು, ಉಳಿದದ್ದು ಹಕ್ಕಿಗಳ ಪಾಲು. ಈ ಸಲ ಆ ತುಂಡು ಹೊಲದಲ್ಲಿ ಹದಿನೆಂಟು ದಿನ ಕೂತು ಸೀಳಿದ್ದಳು. ಅಂಗೈಯ ಗಾಯ ಇನ್ನೂ ಮಾಗಿರಲಿಲ್ಲ.

ಮಗಳ ಹೆರಿಗೆಗೆಂದು ನಾಲ್ಕು ದಿನ ಮನೆ ಬಿಟ್ಟದ್ದೇ ತಪ್ಪಾಯಿತು. ಈ ಮಹಾರಾಯ ಹೇಳದೆ ಕೇಳದೆ ಇಡೀ ಹೊಲಕ್ಕೆ ಬೆಂಕಿಯಿಟ್ಟ. ಸಾಲದ್ದಕ್ಕೆ, ಅತ್ತಿಗೆಯ ಕಸವನ್ನೆಲ್ಲ ನಾನೇ ಹಸನು ಮಾಡಿಕೊಟ್ಟೆ ಎಂದು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದ. ಉಪಕಾರವಂತೆ, ಉಪಕಾರ. ನಿನ್ನೆ ರಾತ್ರಿಯ ಮಳೆ ಬಡಿದಾಗ ನೆಲ ಬರಿಮೈಯಲ್ಲಿತ್ತು.

“ನಿಮ್ಮ ಹೊಲದ ಹುಳ ನನ್ನ ಬೆಳೆಗೆ ಬರ್ತಿತ್ತು. ಸುಮ್ನೆ ಕೂತ್ಕೋಬೇಕಿತ್ತಾ?” ಎಂದ ಮೈದುನ.

ಅತ್ತಿಗೆ ಬುಟ್ಟಿ ಕೆಳಗಿಟ್ಟಳು. ಅವನ ಹೊಲದಲ್ಲಿ, ಬಗ್ಗಲು ಸೋಮಾರಿತನವಾಗಿ ಮೇಲೆ ಮೇಲೆ ಕೊಯ್ದು ಮೊಣಕಾಲುದ್ದ ಬಿಟ್ಟ ಕೂಳೆ ಸಾಲುಸಾಲಾಗಿ ನಿಂತಿತ್ತು. ಒಂದನ್ನು ಕಿತ್ತು, ಸೊಂಟದ ಕುಡುಗೋಲಿನಿಂದ ಸೀಳಿ, ಒಳಗಿದ್ದುದನ್ನು ಅವನ ಅಂಗೈಗೆ ಉದುರಿಸಿದಳು. ದಪ್ಪನೆಯ ಹುಳ, ಜೀವಂತ.

“ಇದನ್ನ ಸಾಕಿದ್ದು ಯಾರಪ್ಪ? ನಾನಾ?”

ಅವನು ಕೈ ಕೊಡವಿಕೊಂಡ. ತಪ್ಪಾಯಿತು ಎನ್ನುವ ಬದಲು ಸುತ್ತ ನೋಡಿದ. ಹೊಲದ ಈ ಮಗ್ಗುಲಿಗೆಲ್ಲ ಗೇಣೆತ್ತರ ಕಪ್ಪು ಮಣ್ಣು ಹರಡಿತ್ತು; ಅವಳು ಹದಿನೈದು ವರ್ಷ ಕಾಪಾಡಿದ ಮಣ್ಣು. ಮೇಲೆ ಅವಳ ಹೊಲದಲ್ಲಿ ಕಲ್ಲುಗಳು ಹಲ್ಲು ಕಿರಿಯುತ್ತಿದ್ದವು. ಇನ್ನು ಅಲ್ಲಿ ಬೀಜ ಊರುವುದಾದರೂ ಎಲ್ಲಿ?

“ಆಗಿದ್ದಾಯ್ತು ಅತ್ತಿಗೆ. ನನ್ನ ಹೊಲಕ್ಕೆ ಬಂದಿದ್ದು ನನ್ನದು. ಮೊದಲು ನನ್ನ ಹೊಲದಿಂದ ಆಚೆ ನಡೀರಿ.”

ಅತ್ತಿಗೆ ಕಾಲಬುಡದಲ್ಲಿ ಸಲಿಕೆ ಊರಿದಳು. ಅದು ಗೇಣುದ್ದ ಸಲೀಸಾಗಿ ಇಳಿದು, ಠಣ್ಣನೆ ಗಟ್ಟಿ ನೆಲಕ್ಕೆ ಬಡಿಯಿತು.

“ಕೇಳಿಸ್ತಾ? ನಿನ್ನ ಹೊಲ ಅಲ್ಲಿ ಕೆಳಗಿದೆ. ನಾನು ನಿಂತಿರೋದು ನನ್ನ ಹೊಲದಲ್ಲಿ,” ಎಂದು ನಾಲ್ಕನೇ ಬುಟ್ಟಿಗೆ ಬಗ್ಗಿದಳು.