ಮೇಲೋ, ಕೆಳಗೋ

ಲೋಹದ ಮೇಲ್ಮೈಯಲ್ಲಿ ಖಾಲಿ ಉಳಿದ ಸ್ಥಾನಗಳು ಮೇಲ್ಮುಖ, ಕೆಳಮುಖ ಎಂಬ ಎರಡು ಸ್ಪಿನ್ನುಗಳಲ್ಲಿ ಯಾವುದರ ಎಲೆಕ್ಟ್ರಾನನ್ನು ಒಳಗೆ ಬಿಟ್ಟುಕೊಳ್ಳುತ್ತವೆ ಎಂದು ಅಳೆಯುವ ಯಂತ್ರವನ್ನು ಸುಮೇಧಾ ಐದು ವರ್ಷ ಕೂತು ಕಟ್ಟಿದ್ದಳು. ಅದು ಮೊದಲ ಸಲ ಉತ್ತರ ಕೊಟ್ಟ ದಿನದಿಂದ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಗುರುತಿಲ್ಲದವರಿಗೂ ಮೈಸೂರು ಪಾಕ್ ಹಂಚಿದಳು. ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತಿದ್ದಳು.

ಯಂತ್ರ ‘ಮೇಲ್ಮುಖ’ ಎಂದಿತ್ತು. ಹೆಸರಾಂತ ಪ್ರೊಫೆಸರೊಬ್ಬರ ಇಪ್ಪತ್ತು ವರ್ಷ ಹಳೆಯ ಪ್ರಬಂಧ ‘ಕೆಳಮುಖ’ ಎಂದಿತ್ತು. ಅವಳ ಪಿಎಚ್.ಡಿ. ಪರೀಕ್ಷಕರಾಗಿ ಬಂದವರು ಅದೇ ಪ್ರೊಫೆಸರು.

“ಎಲ್ಲೋ ಎಡವಿದೀರಿ ಅಮ್ಮ,” ಎಂದರು ಅವರು.

“ಹದಿನಾಲ್ಕು ಸಲ ಅಳೆದೆ ಸರ್. ಪ್ರತಿ ಸಲವೂ ಇದೇ ಬಂತು.”

“ಹಾಗಾದ್ರೆ ತಪ್ಪು ನಂದು ಅಂತೀರಾ?”

ಪಕ್ಕದಲ್ಲಿ ಕೂತಿದ್ದ ಅವಳ ಗೈಡು ಸುಮ್ಮನೆ ಕೆಮ್ಮಿದರು. ಸುಮೇಧಾಳಿಗೆ ಹೆದರಿಕೆಯಾಗಬೇಕಿತ್ತು. ಆದರೆ ಪರದೆಯ ಮೇಲೆ ನೆಟ್ಟಗೆ ಎದ್ದು ನಿಂತ ತನ್ನ ಗೆರೆ ಕಂಡು ಮತ್ತೆ ನಗುವೇ ಬಂತು.

“ಹೌದು ಸರ್.”

“ತಪ್ಪು ನಿಮ್ಮದೇ ಅಂತ ಒಂದು ಸಾಲು ಬರೆದುಕೊಡಿ. ಈಗಲೇ ಸಹಿ ಹಾಕ್ತೀನಿ. ಇಲ್ಲಾಂದ್ರೆ ಇನ್ನೆರಡು ವರ್ಷ ಇಲ್ಲೇ ಇರ್ತೀರಿ.”

“ಇರ್ತೀನಿ ಸರ್. ಆದ್ರೆ ಅದನ್ನ ಬರೆಯಲ್ಲ. ಬನ್ನಿ, ಯಂತ್ರ ಆನ್ ಮಾಡಿ ನಿಮ್ಮೆದುರೇ ಅಳೆದು ತೋರಿಸ್ತೀನಿ.”

ಪ್ರೊಫೆಸರು ಪೆನ್ನು ತೆಗೆದು ಸಹಿ ಹಾಕಿ, ಕಾಗದವನ್ನು ಅವಳ ಕಡೆ ಸರಿಸಿದರು.

“ನಮ್ಮ ಆ ಹಳೇ ಯಂತ್ರದಲ್ಲಿ ವೈರು ಉಲ್ಟಾ ಇದ್ದದ್ದು ಹೋದ ತಿಂಗಳು ಗೊತ್ತಾಯ್ತು, ಪ್ರಬಂಧಕ್ಕೆ ತಿದ್ದುಪಡಿ ಕಳಿಸಿಯೂ ಆಯ್ತು. ನೀವು ಆ ಸಾಲು ಬರೆದುಕೊಟ್ಟಿದ್ರೆ ಫೇಲ್ ಮಾಡ್ತಿದ್ದೆ.”